ಎಲ್ಲರೂ ಎಡಚರಾಗಿದ್ದ ಚಿತ್ರಗಳು

ಹಳೆಯ ಕಾಗದ ದುರಸ್ತಿ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ದಿನಾ ಹರಕು ಕಾಗದ ನೋಡಿ ನೋಡಿ ಬ್ಯಾಸರ ಬರ್ತಿರಲಿಲ್ಲೇನ್ರಿ?" ಬೇಸರವಂತೆ! ಮೂವತ್ತೊಂದು ವರ್ಷ ಆ ಮೇಜಿನ ಮುಂದೆ ಕುಳಿತೆ. ಬೇಸರ ಪಡಲು ಪುರುಸೊತ್ತೇ ಸಿಗಲಿಲ್ಲ. ಒಂದು ಸಲ ಧಸಕ್ಕೆಂದ ಎದೆ ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಎಡವಟ್ಟು ಬಂದು ಕೂತಿರುತ್ತಿತ್ತು. ನನ್ನ ಬಡ್ತಿ, ವರ್ಗಾವಣೆಗಳೆಲ್ಲ ಸೇವಾ ಪುಸ್ತಕದಲ್ಲಿವೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ಅದರಲ್ಲಿ ಇಲ್ಲದ್ದನ್ನು, ಅಂದರೆ ನಾನು ಮಾಡಿದ ತಪ್ಪುಗಳನ್ನು ನಿಮಗಾಗಿ ಬರೆಯುತ್ತಿದ್ದೇನೆ.

ನಮ್ಮ ಕಚೇರಿಯ ಕೆಲಸ ಹಳೆಯ ಕಡತ, ಪತ್ರ, ಭಿತ್ತಿಪತ್ರಗಳನ್ನು ಹುಡುಕಿ ತಂದು ಉಳಿಸುವುದು. ನನ್ನ ಪಾಲಿಗೆ ಬಂದದ್ದು ವ್ಯಂಗ್ಯಚಿತ್ರದ ಭಿತ್ತಿಪತ್ರಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಎರಡು ಮೂರು ವರ್ಷಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಗೋಡೆಗಳ ಮೇಲೆ ಗುಟ್ಟಾಗಿ ಅಂಟಿಸಿದ್ದವು ಅವು. ಆಗ ಇಲ್ಲಿ ನಿಜಾಮರ ಆಳ್ವಿಕೆ. ಯುದ್ಧ ನಡೆದದ್ದು ಎಲ್ಲೋ, ಹಗೇವು ಬರಿದಾದದ್ದು ಇಲ್ಲಿ. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಕುಳಿ; ಈಗಿನವರು ನೋಡಿರಲಿಕ್ಕಿಲ್ಲ. ಯುದ್ಧ ನಿಂತರೂ ರೈತರಿಂದ ಕಡ್ಡಾಯವಾಗಿ ಕಾಳು ಅಳೆದುಕೊಳ್ಳುವ ಲೆವಿ ನಿಲ್ಲಲಿಲ್ಲ. ಆ ಸಿಟ್ಟೆಲ್ಲ ಚಿತ್ರವಾಗಿ ಗೋಡೆಗೆ ಬಂದಿತ್ತು. ಹೊಟ್ಟೆಯ ಜಾಗದಲ್ಲಿ ಜೋಳದ ಚೀಲ ಇಟ್ಟುಕೊಂಡ ಲೆವಿ ಅಧಿಕಾರಿ ಆ ಚಿತ್ರಗಳ ಖಾಯಂ ನಾಯಕ.

ನಾನು ಅವನನ್ನು ಮೊದಲ ಸಲ ಕಂಡದ್ದು ಚಿತ್ತಾಪುರದ ಒಂದು ಮನೆಯ ದೇವರ ಜಗಲಿಯ ಪಕ್ಕದಲ್ಲಿ. ಆ ಕಾಲದ ಕಟ್ಟು ಹಾಕುವವರು ಫೋಟೋದ ಹಿಂದೆ ಗಟ್ಟಿಯಾಗಲೆಂದು ಸಿಕ್ಕ ಕಾಗದ ತುಂಬುತ್ತಿದ್ದರು. ಗೆದ್ದಲು ಹತ್ತಿದ ಒಂದು ಚೌಕಟ್ಟನ್ನು ನಾನು ಮನೆಯೊಡತಿಯ ಎದುರೇ ಬಿಚ್ಚಿದೆ. ಮುಂದೆ ಅವರ ಅತ್ತೆ ಮಾವಂದಿರ ಫೋಟೋ, ಹಿಂದೆ ಬಾಯಿ ತೆರೆದುಕೊಂಡ ಲೆವಿ ಅಧಿಕಾರಿ. ಆ ತಾಯಿ ಗಲ್ಲಕ್ಕೆ ಕೈ ಹಚ್ಚಿ ನಿಂತುಬಿಟ್ಟರು.

"ಅಯ್ಯ ನನ್ನ ಶಿವನೇ! ನಲವತ್ತು ವರ್ಷ ಅತ್ತಿ ಮಾವಗ ಊದಿನಕಡ್ಡಿ ಬೆಳಗೀನ್ರಿ. ಹಿಂದ ಇಂವ ಕುಂತು ವಾಸನಿ ತಗೊಳ್ಳಿಕತ್ತಿದ್ದನೇನ್ರಿ? ಒಯ್ರಿ, ಮೊದಲ ಇವನಿಗಿ ಒಯ್ರಿ. ನಮ್ಮ ಮನಿದು ಉಂಡದ್ದು ಸಾಕು."

ಇನ್ನೊಂದು ಚಿತ್ರ ಚಂದಾಪುರದ ನಿವೃತ್ತ ಮಾಸ್ತರರೊಬ್ಬರು ಕೊಟ್ಟದ್ದು. ಅದರಲ್ಲಿ ಅಧಿಕಾರಿಯ ರುಮಾಲಿಗೆ ಯಾರೋ ಕೈಯಿಂದ ಕೆಂಪು ಬಣ್ಣ ಹಚ್ಚಿದ್ದರು. ಹೊಲಸು ಹೋಗಲೆಂದು ನಾನು ಅದನ್ನು ನೇರ ನೀರಿನ ತಟ್ಟೆಗೆ ಇಳಿಸಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ನೀರೆಲ್ಲ ಕೆಂಪು, ರುಮಾಲು ಬಿಳಿ. ಹಿಂದೆ ಬಂದು ನಿಂತಿದ್ದ ನಮ್ಮ ಸಾಹೇಬರು, "ಏನ್ರಿ ಶಾಂತಾಬಾಯಿ, ಓಕುಳಿ ಆಡ್ಲಿಕತ್ತೀರೇನು?" ಎಂದರು. ನನಗೆ ಅಳು ಬಂದಿತ್ತು. ಈಗ ನಿಮಗೆ ಒದ್ದೆ ಹತ್ತಿಯಿಂದ ಮೂಲೆಯಲ್ಲಿ ಮುಟ್ಟಿ ನೋಡಿದ ಹೊರತು ನೀರು ತೋರಿಸಬಾರದು ಎಂದು ಮೊದಲ ದಿನವೇ ಕಲಿಸುತ್ತಾರೆ. ನಾನು ಕಲಿತದ್ದು ಆ ತಟ್ಟೆಯಲ್ಲಿ. ಆದರೆ ಇದು ನನ್ನ ದೊಡ್ಡ ತಪ್ಪಲ್ಲ. ದೊಡ್ಡದಕ್ಕೆ ಬರುತ್ತೇನೆ.

ಚಿತ್ರಗಳು ಇಪ್ಪತ್ತಾಗುವ ಹೊತ್ತಿಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅವುಗಳಲ್ಲಿ ಎಲ್ಲರೂ ಎಡಚರು. ಅಧಿಕಾರಿ ಎಡಗೈಯಲ್ಲಿ ಬರೆಯುತ್ತಾನೆ, ಎಡಗೈಯಲ್ಲೇ ಉಣ್ಣುತ್ತಾನೆ. ನಮ್ಮಲ್ಲಿ ಎಡಗೈಯಲ್ಲಿ ಉಣ್ಣುವವನನ್ನು ತೋರಿಸುವುದೆಂದರೆ ಮುಖಕ್ಕೆ ಮಂಗಳಾರತಿ ಮಾಡಿದ ಹಾಗೆ. ನಾನು ಹಿಗ್ಗಿ ಹೀರೇಕಾಯಿಯಾಗಿ ವಿವರದ ಕಾರ್ಡಿನಲ್ಲಿ ಬರೆದೆ: "ಕಲಾವಿದರು ಎಡಗೈಯ ಮೂಲಕ ಅಧಿಕಾರಿಗಳನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದ್ದಾರೆ." ಕೆಳಗೆ ಸಹಿ ಮಾಡಿದೆ. ರೈತನೂ ಎಡಗೈಯಲ್ಲಿ ಕುಡುಗೋಲು ಹಿಡಿದಿದ್ದ, ಅವನ ಮಕ್ಕಳೂ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದವು. ಅವರನ್ನು ಯಾಕೆ ಅವಮಾನಿಸಬೇಕು? ಈ ಪ್ರಶ್ನೆ ನನಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಬಂದದ್ದನ್ನು ಹಾಗೇ ಕಳಿಸಿಬಿಟ್ಟೆ. ಸಾಹೇಬರು ಕೆಟ್ಟವರಲ್ಲ, ಅವರಿಗೆ ಭಾಷಣದ ಹುಚ್ಚು. ನನ್ನ ಎಡಗೈಯ ಮಾತನ್ನು ಹೋದಲ್ಲೆಲ್ಲ ಹೇಳಿ ಚಪ್ಪಾಳೆ ತಂದರು.

ಕಲಾವಿದರು ಯಾರು ಎನ್ನುವುದಕ್ಕೂ ಉತ್ತರ ಸಿಕ್ಕಿತ್ತು. ಸೇಡಂನ ವ್ಯಾಪಾರಸ್ಥರಾದ ಶರಣಬಸಪ್ಪನವರು ತಮ್ಮ ಅಜ್ಜ ಬಸವಂತರಾಯರ ಟ್ರಂಕನ್ನು ನಮಗೆ ಒಪ್ಪಿಸಿದ್ದರು. ಅದರಲ್ಲಿ ಎಂಟು ಭಿತ್ತಿಪತ್ರಗಳೂ ಅವುಗಳಿಗೆ ರಾಯರು ಬರೆದ ಅಡಿಬರಹದ ಕರಡು ಹಾಳೆಗಳು ಹನ್ನೊಂದೂ ಇದ್ದವು. ರಾಯರು ಓದಿದವರು, ಚಳವಳಿಯವರು. ಬರೆದವರು ಅವರೇ ಎಂದಮೇಲೆ ಚಿತ್ರ ತೆಗೆದವರೂ ಅವರೇ ಎಂದು ನಾವು ತೀರ್ಮಾನಿಸಿದೆವು. ಬೇರೆ ಹೆಸರು ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಸೇವೆಯ ಕೊನೆಯ ವರ್ಷ ಶಹಾಬಾದಿನ ಒಂದು ಶಾಲೆಯಲ್ಲಿ ಪ್ರದರ್ಶನ ಇಟ್ಟೆವು. ಪ್ರತಿ ಚಿತ್ರದ ಕೆಳಗೆ "ಚಿತ್ರ ಮತ್ತು ಬರಹ: ಬಸವಂತರಾಯರು, ಸೇಡಂ" ಎಂಬ ಚೀಟಿ. ಎರಡನೆಯ ದಿನ ಮಧ್ಯಾಹ್ನ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದು ಒಂದೇ ಚಿತ್ರದ ಮುಂದೆ ನಿಂತರು. ಬರಿದಾದ ಹಗೇವಿನ ಬಾಯಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಹೆಂಗಸಿನ ಚಿತ್ರ ಅದು. ನಾನು ಹತ್ತಿರ ಹೋದೆ.

"ಇದು ನಮ್ಮಪ್ಪ ತಗದಿದ್ದು," ಎಂದರು.

"ನಿಮ್ಮಪ್ಪ ಅಂದ್ರ ಯಾರು, ಆಯಿ?"

"ಮರೆಪ್ಪ. ನಾ ಅವನ ಮಗಳು ಸಾಬಮ್ಮ. ಇದೇ ಊರಾಗ ಕಲ್ಲಚ್ಚಿನ ಪ್ರೆಸ್ ಇತ್ತು, ಅದರಾಗ ಕಲ್ಲು ತಿಕ್ಕತಿದ್ದ. ಈಕಿ ನಮ್ಮವ್ವ. ಈ ಕೂಸು ನಾನೇ. ಕಲ್ಲಿನ ಮುಂದ ನಿಂದ್ರಿಸಿ ನೋಡಕೋತ ತಗದ ಅಂತ ನಮ್ಮವ್ವ ಸಾಯೂತನಕ ಹೇಳ್ತಿದ್ಲು. ಅಕಿ ಹುಬ್ಬಿನ ಮ್ಯಾಲ ಖಣಿ ಕಲ್ಲಿನ ಚೂರು ಸಿಡದು ಗಾಯ ಆಗಿತ್ತು. ನೋಡ್ರಿ, ಅದನ್ನೂ ತಗದಾನ."

ಬಗ್ಗಿ ನೋಡಿದೆ. ಹುಬ್ಬನ್ನು ಎರಡು ತುಂಡು ಮಾಡಿದ ಗೆರೆ ಹೌದು, ಇತ್ತು. ಆದರೆ ಮೂವತ್ತು ವರ್ಷ ಕಚೇರಿಯಲ್ಲಿ ಕುಳಿತವಳಲ್ಲವೇ, ಅಡ್ಡಪ್ರಶ್ನೆ ಹಾಕಿದೆ.

"ಯಾವ ಹುಬ್ಬಿನ ಮ್ಯಾಲ ಇತ್ತು, ಆಯಿ?"

ಅವರು ತಮ್ಮ ಎಡ ಹುಬ್ಬನ್ನು ಮುಟ್ಟಿ ತೋರಿಸಿದರು.

"ಚಿತ್ರದಾಗ ಬಲ ಹುಬ್ಬಿನ ಮ್ಯಾಲ ಅದ. ಈಕಿ ನಿಮ್ಮವ್ವ ಅಲ್ಲ, ಬ್ಯಾರೆ ಯಾರೋ."

"ನಮ್ಮವ್ವನ ಮಾರಿ ನನಗ ಗೊತ್ತಿಲ್ಲೇನವ್ವ?"

"ಹಂಗಲ್ಲ ಆಯಿ, ಪುರಾವೆ ಅಂಬೋದು ಬೇಕಾಗ್ತದ."

ಅವರು ಬಾಗಿಲ ಕಡೆ ಹೊರಟಾಗ, ಚಿತ್ರ ನೋಡಲು ಬಂದಿದ್ದ ಊರಿನವರೊಬ್ಬರು ಅವರಿಗೆ ಕೇಳುವಂತೆಯೇ ನನಗೆ ಹೇಳಿದರು: "ಕಲ್ಲುಗಳ್ಳ ಮರೆಪ್ಪನ ಮಗಳ್ರಿ ಅಕಿ. ಪ್ರೆಸ್ಸಿನ ಕಲ್ಲು ಕದ್ದು ಜೇಲಿಗಿ ಹೋಗಿದ್ದ. ಅವರ ಮಾತು ಏನು ಕೇಳ್ತೀರಿ?" ಅಜ್ಜಿಯ ಹೆಜ್ಜೆ ಒಂದು ಕ್ಷಣ ನಿಂತು ಮುಂದೆ ಹೋಯಿತು. ನಾನು ಆ ಮನುಷ್ಯನಿಗೆ ಏನೂ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಅಡ್ಡಪ್ರಶ್ನೆ ಸರಿಯಾಯಿತು ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಪ್ರದರ್ಶನ ಮುಗಿದು ಚಿತ್ರಗಳು ಕಚೇರಿಗೆ ಮರಳಿದವು. ಆ ಹಗೇವಿನ ಚಿತ್ರದ ಅಂಚು ಒಂದು ಕಡೆ ಬಿರಿದಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅದನ್ನು ಬೆಳಕಿನ ಮೇಜಿನ ಮೇಲೆ ಬೋರಲು ಹಾಕಿದೆ. ಗಾಜಿನ ಕೆಳಗಿನಿಂದ ದೀಪ ಹತ್ತುವ ಮೇಜು ಅದು. ಹಿಂಬದಿಯಿಂದ ತೆಳು ಕಾಗದದ ತೇಪೆ ಹಚ್ಚುವುದು ಅದರ ಮೇಲೆಯೇ. ಅಂಟು ಹಚ್ಚಿದ ಕುಂಚ ಹಿಡಿದುಕೊಂಡು ಬಗ್ಗಿದೆ. ಕಾಗದದೊಳಗಿಂದ ಆ ಹೆಂಗಸು ನನ್ನನ್ನು ನೋಡುತ್ತಿದ್ದಳು. ಗಾಯ ಎಡ ಹುಬ್ಬಿನ ಮೇಲಿತ್ತು.

ಕುಂಚ ಬದಿಗಿಟ್ಟೆ. ಇನ್ನೊಂದು ಚಿತ್ರ ತಂದು ಬೋರಲು ಹಾಕಿದೆ, ಮತ್ತೊಂದು ಹಾಕಿದೆ. ಅಧಿಕಾರಿ ಬಲಗೈಯಲ್ಲಿ ಉಣ್ಣುತ್ತಿದ್ದ. ರೈತನ ಬಲಗೈಯಲ್ಲಿ ಕುಡುಗೋಲು. ಅಕ್ಷರಗಳು ಮಾತ್ರ ತಿರುಗುಮುರುಗು.

ಕಲ್ಲಚ್ಚಿನ ಮುದ್ರಣ ಹೇಗೆಂದರೆ, ನುಣುಪಾಗಿ ತಿಕ್ಕಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ತೆಗೆದು ಅದರ ಮೇಲೆ ಕಾಗದ ಒತ್ತುತ್ತಾರೆ. ಕಲ್ಲಿನ ಮೇಲೆ ಎಡಕ್ಕಿದ್ದದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ. ಬರಹವನ್ನು ಬರಹಗಾರ ಲೇಪದ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸುತ್ತಿದ್ದ. ಎರಡು ಸಲ ತಿರುಗಿ ಅಕ್ಷರ ನೆಟ್ಟಗೆ ಬರುತ್ತಿತ್ತು. ನೇರವಾಗಿ ಕಲ್ಲಿನ ಮೇಲೇ ಚಿತ್ರ ತೆಗೆದವನು, ಅದು ತಿರುಗುವುದೆಂದು ಯೋಚಿಸದಿದ್ದರೆ, ಊರಿಗೆ ಊರನ್ನೇ ಎಡಚರನ್ನಾಗಿ ಮಾಡುತ್ತಾನೆ. ಅಂದರೆ ತೆಗೆದವನು ಕಲ್ಲಿನ ಮುಂದೆ ನಿಂತವನು. ಸೇಡಂನ ರಾಯರ ಬರಹ ಶಹಾಬಾದಿಗೆ ಹೋಗುತ್ತಿತ್ತೇ ಹೊರತು ಆ ಕಲ್ಲು ಸೇಡಂಗೆ ಬರುತ್ತಿರಲಿಲ್ಲ.

ಇದನ್ನೆಲ್ಲ ನಾನು ಹೊಸಬರಿಗೆ ಪಾಠ ಮಾಡಿದ್ದೆ! ಆ ಚಿತ್ರಗಳನ್ನೇ ವರ್ಷಗಟ್ಟಲೆ ಬೋರಲು ಹಾಕಿ ತೇಪೆ ಹಚ್ಚಿದ್ದೆ. ತೂತು ಹುಡುಕುವ ಕಣ್ಣಿಗೆ ಚಿತ್ರ ಕಾಣಿಸಿರಲಿಲ್ಲ. ಆ ತಾಯಿಯ ಮಾತನ್ನು ಸುಳ್ಳು ಮಾಡಲು ನಾನು ಯಾವ ಹುಬ್ಬನ್ನು ತೋರಿಸಿದ್ದೆನೋ ಅದೇ ಅವರ ಪುರಾವೆಯಾಗಿತ್ತು.

ಮರುದಿನವೇ ಶಹಾಬಾದಿನಲ್ಲಿ ವಿಳಾಸ ವಿಚಾರಿಸಿಕೊಂಡು ವಾಡಿ ಹತ್ತಿರದ ರಾವೂರಿಗೆ ಹೋಗಿ ಸಾಬಮ್ಮನವರ ಮನೆ ಹುಡುಕಿದೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಫರಸಿ ಕಲ್ಲಿನ ನೆಲದ ಮೇಲೆ ಅವರು ಕಾಳು ಹಸನು ಮಾಡುತ್ತ ಕುಳಿತಿದ್ದರು. "ಕುಂದ್ರಿ," ಎಂದರು. ಕೂರಲು ನಾಚಿಕೆಯಾಯಿತು. ನಿಂತೇ ಹೇಳಿದೆ.

"ಆಯಿ, ತಪ್ಪಾಯ್ತು. ಚಿತ್ರ ನಿಮ್ಮಪ್ಪನೇ ತಗದಾನ."

"ಅದು ನನಗ ಮೊದಲೇ ಗೊತ್ತಿತ್ತಲ್ಲ ತಾಯಿ."

"ಮತ್ತ ಕಲ್ಲು ಕದ್ದದ್ದು ಅಂತಾರಲ್ಲ, ಅದು ಏನು?"

ಮೊರ ಕೆಳಗಿಟ್ಟರು. "ಪೊಲೀಸರು ಬರ್ಲಿಕತ್ತಾರ ಅಂತ ಸುದ್ದಿ ಬಂತು. ಕಲ್ಲಿನ ಮ್ಯಾಲಿನ ಚಿತ್ರ ಸಿಕ್ಕ್ರ ಬರದವರು, ಅಂಟಿಸಿದವರು ಎಲ್ಲಾರೂ ಜೇಲಿಗೇ. ನಮ್ಮಪ್ಪ ನಾಕು ಕಲ್ಲು ಬಂಡಿಮ್ಯಾಲ ಹೇರಕೊಂಡು ಮನಿಗಿ ತಂದು ಉಸುಕು ಹಾಕಿ ತಿಕ್ಕಿ ತಿಕ್ಕಿ ಅಳಸಿಬಿಟ್ಟ. ತಾನು ತಗದದ್ದು ತಾನೇ ಅಳಸಿದ. ಪ್ರೆಸ್ಸಿನ ಮಾಲಕ ತಾ ಬಚಾವ್ ಆಗಲಿಕ್ಕ, ನನಗೇನೂ ಗೊತ್ತಿಲ್ಲ, ಕಲ್ಲು ಕಳುವಾಗ್ಯಾವ ಅಂದ. ನಾಕು ತಿಂಗಳು ಒಳಗಿಟ್ರು. ಹೊರಗ ಬಂದಮ್ಯಾಲ ಖಣಿ ಕೆಲಸಕ್ಕ ಹೋದ, ಒಂದು ಗೆರಿ ಸುದ್ದಾ ಎಳೀಲಿಲ್ಲ. ಕಲ್ಲುಗಳ್ಳ ಅಂತ ನನ್ನ ತಂಗಿ ಸಂಬಂಧ ಮುರದ್ರು. ನನ್ನ ಮಕ್ಕಳಿಗೂ ಅಂದ್ರು."

ಹೆಸರು ಹಾಕಿಸುತ್ತೇನೆ, ಚೀಟಿ ಬದಲಿಸುತ್ತೇನೆ ಎಂದು ಏನೇನೋ ಹೇಳಿದೆ. ಅವರು ಕೈ ಅಡ್ಡ ಮಾಡಿದರು.

"ಚಿತ್ರದ್ದು ಬಿಡು ತಾಯಿ, ಯಾರ ಹೆಸರರ ಇರಲಿ. ಕಳ್ಳ ಅಂಬೋದು ಒಂದು ತಗಸು. ನಾ ಇರೂದ್ರಾಗ ತಗಸು."

ಸಾಹೇಬರ ಮುಂದೆ ಹೋಗಿ ನಿಂತಾಗ ಅವರು ಕಾಗದ ಬೇಕು ಎಂದರು. "ಮೇಜಿನ ಮ್ಯಾಲ ಉಲ್ಟಾ ಕಂಡ್ರ ಪುರಾವೆ ಆಗ್ತದೇನ್ರಿ? ಪ್ರೆಸ್ಸಿನ್ಯಾಗ ಇದ್ದ ಯಾರರ ತಗದಿರಬಹುದು. ಮರೆಪ್ಪ ಅಂತ ಎಲ್ಲಿ ಅದ? ಕಳ್ಳ ಅಲ್ಲ ಅಂತ ಎಲ್ಲಿ ಅದ?" ಮಾತು ಸರಿಯಾಗಿತ್ತು. ನಾನು ಹೊರಗೆ ಬಂದು ಸೇಡಂನ ಟ್ರಂಕಿನ ಕರಡು ಹಾಳೆಗಳನ್ನು ತೆಗೆದು ಒಂದೊಂದಾಗಿ ಅದೇ ಬೆಳಕಿನ ಮೇಜಿನ ಮೇಲಿಟ್ಟೆ. ಬೆಳಕು ದಾಟಲಿಲ್ಲ. ಹನ್ನೊಂದೂ ಕುರುಡು.

ಯಾಕೆಂದರೆ ಅವುಗಳ ಬೆನ್ನಿಗೆ ದಪ್ಪ ಕಾಗದ ಅಂಟಿಸಿತ್ತು. ಹಿಂದಿನ ಪದ್ಧತಿ ಅದು, ಜೀರ್ಣವಾದ ಹಾಳೆಗೆ ಬೆನ್ನುಗಾವಲು ಕೊಡುವುದು. ಕೊಡುವ ಮೊದಲು ಹಿಂಬದಿಯಲ್ಲಿ ಏನಾದರೂ ಬರಹವಿದ್ದರೆ ನಕಲು ಮಾಡಿಕೊಳ್ಳಬೇಕೆಂಬ ನಿಯಮ ಆಗಲೂ ಇತ್ತು. ಯಾರು ಈ ಕೆಲಸ ಮಾಡಿದವರು ಎಂದು ಹಳೆಯ ದುರಸ್ತಿ ಪುಸ್ತಕ ತೆಗೆದೆ. ನನ್ನದೇ ಅಕ್ಷರ. ಯಾರೋ ದೊಡ್ಡವರು ಕಚೇರಿ ನೋಡಲು ಬರುತ್ತಾರೆಂದು ಗಡಿಬಿಡಿಯಲ್ಲಿದ್ದ ದಿನ. ಮೊದಲ ಹಾಳೆಯ ಮುಂದೆ "ಹಿಂಬದಿ ಖಾಲಿ" ಎಂದು ಬರೆದಿದ್ದೆ. ಉಳಿದ ಹತ್ತಕ್ಕೂ ಅದರ ಕೆಳಗೆ ಎರಡೆರಡು ಪುಟ್ಟ ಗೀಟು, ಮೇಲಿನಂತೆಯೇ ಎಂದು. ತಿರುಗಿಸಿ ನೋಡಿದ್ದು ಒಂದೇ ಒಂದು.

ಬೆನ್ನಿನ ಕಾಗದವನ್ನು ಒದ್ದೆ ಒತ್ತುಕಾಗದದಿಂದ ಹದ ಮಾಡಿ, ಎಳೆ ಎಳೆಯಾಗಿ ಬಿಡಿಸಲು ನನಗೆ ಹದಿನಾರು ದಿನ ಹಿಡಿಯಿತು. ನಾಲ್ಕನೆಯ ಹಾಳೆಯ ಬೆನ್ನಿನಲ್ಲಿ ರಾಯರು ಜೊತೆಯವರಿಗೆ ಬರೆದ ಪತ್ರದ ಕರಡು ಕಂಡಿತು: "ಮರೆಪ್ಪನ ಚಿತ್ರ ಜನಕ್ಕೆ ಹಿಡಿಸಿದೆ. ಎಲ್ಲರೂ ಎಡಚರಾಗಿದ್ದಾರೆ. ಇರಲಿ, ತಿದ್ದಿಸಬೇಡಿ, ನೋಡಿದವರು ನಗುತ್ತಾರೆ." ಕೊನೆಯ ಹಾಳೆಯ ಬೆನ್ನಿನಲ್ಲಿ ಹೀಗಿತ್ತು: "ಕಲ್ಲುಗಳನ್ನು ಮರೆಪ್ಪ ಒಯ್ದು ಅಳಿಸಿದ. ನಮ್ಮ ಜೀವ ಉಳಿಸಿದ. ಅವನನ್ನು ಕಳ್ಳನೆಂದು ಹಿಡಿದರು. ಈಗ ಬಾಯಿ ಬಿಟ್ಟರೆ ಎಲ್ಲರೂ ಸಿಕ್ಕಿಬೀಳುತ್ತೇವೆ."

ಇಪ್ಪತ್ತೈದು ವರ್ಷ ಆ ಮಾತನ್ನು ಮುಚ್ಚಿಟ್ಟದ್ದು ನನ್ನ ಅಂಟು. ಪುಸ್ತಕದ ಆ ಪುಟ್ಟ ಗೀಟುಗಳನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಶರಣಬಸಪ್ಪನವರನ್ನು ಕರೆಸಿ ಹಾಳೆಗಳನ್ನು ಮುಂದಿಟ್ಟೆ. ಮೊದಲು ಸಿಟ್ಟಾದರು. "ನಮ್ಮಜ್ಜಗ ಸುಳ್ಳುಬುರುಕ ಮಾಡಬೇಕಂತ ಕರಸೀರೇನ್ರಿ?" ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವಾಗ ಬಾಯಿ ಬಿಡಲಿಲ್ಲ, ಖರೇ. ನಿಜಾಮರ ರಾಜ್ಯ ಹೋಯ್ತು, ನಮ್ಮಜ್ಜಗ ಹಾರ ಹಾಕಿ ಸನ್ಮಾನ ಮಾಡಿದ್ರು. ಅವತ್ತು ಯಾಕ ಬಿಡಲಿಲ್ರಿ?"

ಎಡಗೈಯ ಕಾರ್ಡಿಗೆ ಸಹಿ ಹಾಕಿದ ಮೇಲೆ ನಾನೂ ಎಷ್ಟು ವರ್ಷ ಸುಮ್ಮನೆ ಕುಳಿತಿದ್ದೆನಲ್ಲ.

ಕಾರ್ಡು ತಿದ್ದಬೇಕೆಂದರೆ ಬರೆದವರೇ ತಪ್ಪೊಪ್ಪಿ ಬರೆಯಬೇಕು, ನಿವೃತ್ತಿಗೆ ಎರಡು ತಿಂಗಳಿರುವಾಗ ಯಾಕೆ ಬೇಕಾಗಿತ್ತು ಎಂದು ಸಾಹೇಬರು ಕಾಳಜಿಯಿಂದಲೇ ಕೇಳಿದರು. ಬರೆದೆ. ಕಾರ್ಡಿನದೂ ಬರೆದೆ, ಗೀಟುಗಳದೂ ಬರೆದೆ. ಅದರ ಮೇಲೆ ಕಚೇರಿಯಿಂದ ಒಂದು ಪುಟದ ಪತ್ರ ಹೊರಟಿತು. ಚಿತ್ರ ತೆಗೆದವರು ಶಹಾಬಾದಿನ ಮರೆಪ್ಪ, ಕಲ್ಲು ಒಯ್ದದ್ದು ಕಳವಲ್ಲ, ಜೊತೆಯವರನ್ನು ಉಳಿಸಲು ಎಂದು ಅದರಲ್ಲಿತ್ತು. ಸಾಹೇಬರು ಸಹಿ ಹಾಕಿ ಮೊಹರು ಒತ್ತಿದರು.

ಶರಣಬಸಪ್ಪನವರು ತಮ್ಮ ಜೀಪಿನಲ್ಲೇ ನನ್ನನ್ನು ರಾವೂರಿಗೆ ಕರೆದೊಯ್ದರು. ಸಾಬಮ್ಮನವರು ಪತ್ರ ಕೈಗೆ ತೆಗೆದುಕೊಳ್ಳಲಿಲ್ಲ. "ನನಗ ಓದಲಿಕ್ಕ ಬರಂಗಿಲ್ಲ. ನನಗ ಓದಿ ಹೇಳಿದ್ರ ಏನು ಫಾಯದಾ? ಕಳ್ಳ ಅಂದವರ ಮುಂದ ಓದು," ಎಂದು ಚಪ್ಪಲಿ ಮೆಟ್ಟಿಕೊಂಡರು.

ಮೊದಲು ಅವರ ಓಣಿಯ ಕಟ್ಟೆಯ ಮೇಲೆ ಓದಿದೆ. ಹತ್ತಿಪ್ಪತ್ತು ಜನ ಸೇರಿದರು. ಆಮೇಲೆ ವಾಡಿಗೆ, ಅವರ ತಂಗಿಯ ಸಂಬಂಧ ಮುರಿದ ಮನೆಗೆ ಹೋದೆವು. ಅಲ್ಲಿ ಮೊಮ್ಮಕ್ಕಳು ಏನೂ ತಿಳಿಯದೆ ನಮಗೆ ಕುರ್ಚಿ ಹಾಕಿದರು. ಸಾಬಮ್ಮನವರು ಕೂರಲಿಲ್ಲ, ಓದು ಎಂದು ಕಣ್ಸನ್ನೆ ಮಾಡಿದರು. ಓದಿದೆ. ಕೊನೆಗೆ ಶಹಾಬಾದು. ಪ್ರೆಸ್ಸಿನ ಮಾಲೀಕರ ಹಳೆಯ ಮನೆಯ ಬಾಗಿಲಿಗೆ ತುಕ್ಕು ಹಿಡಿದ ಬೀಗ. ಮೆಟ್ಟಿಲ ಸಂದಿಯಲ್ಲಿ ಹುಲ್ಲು. ಪಕ್ಕದ ಅಂಗಡಿಯವರನ್ನು ಶರಣಬಸಪ್ಪನವರು ವಿಚಾರಿಸಿ ಬಂದರು.

"ಆಯಿ, ಈ ಮನಿಯವರು ಯಾರೂ ಉಳಿದಿಲ್ಲಂತ. ಎಲ್ಲಾರೂ ತೀರಿಕೊಂಡಾರ."

ಸಾಬಮ್ಮನವರು ಬಾಗಿಲನ್ನೇ ನೋಡುತ್ತ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಗೊತ್ತದ. ನಮ್ಮಪ್ಪನೂ ತೀರಿಕೊಂಡಾನ. ಓದು."

ಶರಣಬಸಪ್ಪನವರು ಕಾಲಿನ ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲಿ ಬಂದು ನಿಂತರು. ನಾನು ಆ ಬೀಗದ ಮುಂದೆ, ಬೀದಿಗೆಲ್ಲ ಕೇಳುವಂತೆ, ಮೊದಲಿನಿಂದ ಮೊಹರಿನ ತನಕ ಒಂದಕ್ಷರ ಬಿಡದೆ ಓದಿದೆ.